ತಿಪ್ಪೇಶ ಬಿಗಿದಿದ್ದ ತಿರುಪು

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ತಪ್ಪು ಮಾಡದವನೊಬ್ಬನ ಮೇಲೆ ನಾನು ತಪ್ಪು ಹೊರಿಸಿದೆ. ಅದು ಸುಳ್ಳೆಂದು ತಿಳಿದ ಮೇಲೆ ದಿನವೂ ದೇವರ ಮುಂದೆ ಕೂತು ಅಳುತ್ತೇನೆ. ಆದರೂ ನಾಚಿಕೆ ನನ್ನನ್ನು ಬಿಡುವುದಿಲ್ಲ. ಏನು ಮಾಡಲಿ?"

ಗುರುಗಳು ಈ ಕತೆ ಹೇಳಿದರು.

ಹೆದ್ದಾರಿ ಪಕ್ಕದ ಊರೊಂದರಲ್ಲಿ ಒಬ್ಬ ಮೋಟಾರು ಮೇಸ್ತ್ರಿಯಿದ್ದ. ಹಳೆಯ ಯಂತ್ರಗಳಿಗೆ ಮತ್ತೆ ಜೀವ ಕೊಡುವುದರಲ್ಲಿ ಅವನದು ಎತ್ತಿದ ಕೈ. ಹಳೆಯ ಕಾರುಗಳನ್ನು ಕೂಡಿಡುವ ಹವ್ಯಾಸದವನೊಬ್ಬ ಒಂದು ದಿನ ಗುಜರಿಯಲ್ಲಿ ಸಿಕ್ಕ ಜಾಕೊಂದನ್ನು ಅವನಲ್ಲಿಗೆ ತಂದ. ಗ್ಯಾರೇಜುಗಳಲ್ಲಿ ಕಾರನ್ನು ಎತ್ತಲು ನೆಲದ ಮೇಲೆ ಉರುಳಿಸಿಕೊಂಡು ಹೋಗುವ, ಚಕ್ರವಿರುವ ದೊಡ್ಡ ಜಾಕು ಅದು. ಯಾವ ಕಾಲದ್ದು, ಯಾರು ಮಾಡಿದ್ದು ಎಂದು ತಿಳಿಸಿ, ಮೊದಲಿನಂತೆ ಮಾಡಿಕೊಡಬೇಕೆಂದು ಹೇಳಿ ಹೋದ.

ಮೇಸ್ತ್ರಿ ಬಣ್ಣ ಕೆರೆಯತೊಡಗಿದ. ಮೇಲಿದ್ದ ಹಸಿರಿನ ಕೆಳಗೆ ಕೆಂಪು, ಕೆಂಪಿನ ಕೆಳಗೆ ನೀಲಿ. ನೀಲಿಯ ಕೆಳಗೆ ಕಬ್ಬಿಣದಲ್ಲೇ ಎರಕವಾಗಿದ್ದ ವಿಲಾಯಿತಿ ಕಂಪನಿಯ ಹೆಸರೂ ಇಸವಿಯೂ ಕಂಡವು. ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಆದರೆ ಹಿಡಿಕೆಯ ಬುಡದಲ್ಲಿ ಒಂದು ವೆಲ್ಡಿಂಗ್ ಗುರುತಿತ್ತು. ಅದು ಅವನದೇ ಕೈಯ ಬೆಸುಗೆ. ನೀಲಿಯೂ ಅವನ ಗ್ಯಾರೇಜಿನದೇ ಬಣ್ಣ. ಮೇಸ್ತ್ರಿಯ ಕೈ ನಿಂತಿತು.

ಹಿಂದೆ ಅವನ ಬಳಿ ತಿಪ್ಪೇಶ ಎಂಬ ಕೆಲಸಗಾರನಿದ್ದ. ಒಮ್ಮೆ ತಿಪ್ಪೇಶ ಈ ಜಾಕಿನಿಂದ ಕಾರೊಂದನ್ನು ಎತ್ತಿ ನಿಲ್ಲಿಸಿದ್ದಾಗ ಅದು ಹಠಾತ್ತನೆ ಕುಸಿದು, ಕೆಳಗೆ ಕೈಯಿಟ್ಟಿದ್ದ ಡ್ರೈವರನ ಬೆರಳುಗಳು ನಜ್ಜುಗುಜ್ಜಾದವು. ಜಾಕಿನ ಎಣ್ಣೆ ತಪ್ಪಿ ಭಾರ ಇಳಿಯದಂತೆ ತಡೆಯುವ ತಿರುಪನ್ನು ಬಿಗಿ ಮಾಡಿದ್ದೆ ಎಂದು ತಿಪ್ಪೇಶ ಆಣೆಯಿಟ್ಟ. ಮೇಸ್ತ್ರಿ ನಂಬಲಿಲ್ಲ. ಬೀದಿಯ ಜನರೆಲ್ಲ ನೋಡುತ್ತಿರುವಾಗ ಅವನ ಕೆನ್ನೆಗೆ ಹೊಡೆದು ಹೊರಗಟ್ಟಿದ. ಜಾಕನ್ನು ಗುಜರಿಗೆ ಹಾಕಿದ. ಆ ಮೇಲೆ ಯಾವ ಗ್ಯಾರೇಜಿನವರೂ ತಿಪ್ಪೇಶನಿಗೆ ಕೆಲಸ ಕೊಡಲಿಲ್ಲ.

ಈಗ ಮೇಸ್ತ್ರಿ ಜಾಕಿಗೆ ಎಣ್ಣೆ ತುಂಬಿದ. ತಿರುಪನ್ನು ತನ್ನ ಕೈಯಿಂದಲೇ ಬಲವಾಗಿ ಬಿಗಿದ. ಕಾರೊಂದನ್ನು ಎತ್ತಿ ದೂರ ನಿಂತು ನೋಡಿದ. ಮೊದಲು ಜಾಕು ಅಲ್ಲಾಡಲಿಲ್ಲ. ಆಮೇಲೆ ಒಮ್ಮೆಲೇ ಕುಸಿಯಿತು. ಬಿಚ್ಚಿದಾಗ, ತಿರುಪಿನ ಕೆಳಗಿರುವ ಉಕ್ಕಿನ ಗುಂಡು ಸೀಳಿರುವುದು ಕಂಡಿತು. ಎಷ್ಟೇ ಬಿಗಿದರೂ ಅದು ಎಣ್ಣೆಯನ್ನು ತಡೆಯುವಂತಿರಲಿಲ್ಲ. ಅಂದು ಬಿಚ್ಚಿ ನೋಡಿದ್ದರೆ ಅಂದೇ ತಿಳಿಯುತ್ತಿತ್ತು. ಮೇಸ್ತ್ರಿಗೆ ಆ ದಿನ ಮನೆಯವರ ಮುಖ ನೋಡಲಾಗಲಿಲ್ಲ. ಬಡಿಸಿದ ಅನ್ನ ಹಾಗೆಯೇ ಉಳಿಯಿತು.

ಅವನು ಹೊಸ ಗುಂಡು ಕೂರಿಸಿದ. ಸವೆದ ವಾಷರುಗಳನ್ನು ಬದಲಿಸಿದ. ಜಾಕು ಭಾರ ಹೊತ್ತು ಅಲುಗದೆ ನಿಂತಿತು. ಸೀಳಿದ ಗುಂಡನ್ನು ಜೇಬಿನಲ್ಲಿಟ್ಟುಕೊಂಡು ತಿಪ್ಪೇಶನನ್ನು ಹುಡುಕಿ ಹೊರಟ.

ತಿಪ್ಪೇಶ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಮೇಸ್ತ್ರಿಯನ್ನು ಮನೆಗೆ ಕರೆದೊಯ್ದು ಚಾಪೆ ಹಾಸಿದ. ಮೇಸ್ತ್ರಿ ಬಾಗಿಲು ಮುಂದೆ ಮಾಡಿ, ಗುಂಡನ್ನು ಅವನ ಮುಂದಿಟ್ಟು, ನಡೆದುದನ್ನೆಲ್ಲ ಹೇಳಿ, ಕ್ಷಮಿಸು ಎಂದು ಕೈಮುಗಿದ. ತಿಪ್ಪೇಶ ಗುಂಡನ್ನು ಬೆರಳುಗಳ ನಡುವೆ ಹೊರಳಿಸಿ ನೋಡಿದ.

"ಅವತ್ತು ತಪ್ಪು ನಂದು ಅಂತ ಬೀದಿಯಲ್ಲಿ ನಿಂತು ಹೇಳಿದ್ರಿ, ಮೇಸ್ತ್ರಿ," ಎಂದ. "ಇವತ್ತು ನನ್ನ ಮನೆಯೊಳಗೆ, ಬಾಗಿಲು ಮುಂದೆ ಮಾಡ್ಕೊಂಡು ಹೇಳ್ತಿದ್ದೀರಿ."

ಮೇಸ್ತ್ರಿ ಎದ್ದ. ಬಂದ ದಾರಿಯಲ್ಲೇ ಹಿಂದಿರುಗಿದ. ಬೀದಿಯಲ್ಲಿ ನಿಂತು ಹೇಳಲು ಅವನಿಗೆ ಧೈರ್ಯ ಬರಲಿಲ್ಲ. ನಾಳೆ ಎಂದುಕೊಂಡ. ಆ ನಾಳೆಯೂ ಕಳೆಯಿತು.

ಆಯುಧಪೂಜೆ ಬಂತು. ಬೀದಿಯ ಗ್ಯಾರೇಜಿನವರೆಲ್ಲ ಸೇರಿ ಕುಂಬಳಕಾಯಿ ಒಡೆದು ಮಂಡಕ್ಕಿ ಹಂಚುತ್ತಿದ್ದರು. ಮೇಸ್ತ್ರಿ ಇನ್ನೂ ಒಡೆಯನಿಗೆ ಒಪ್ಪಿಸದಿದ್ದ ಆ ಜಾಕನ್ನು ಉರುಳಿಸಿಕೊಂಡು ಬೀದಿಯ ನಡುವೆ ನಿಂತ. ತಿಪ್ಪೇಶ ಅಂದು ತಿರುಪು ಬಿಗಿದಿದ್ದ, ತಾನು ಬಿಚ್ಚಿ ನೋಡದೆ ಹೊಡೆದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿದ. ಕಿರಿಯ ಕೆಲಸಗಾರನೊಬ್ಬ ನಕ್ಕ. ಹಿಂದೆ ಕೆಲಸ ಕೇಳಿ ಬಂದ ತಿಪ್ಪೇಶನನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸಿದ್ದ ಹಿರಿಯ ಮೇಸ್ತ್ರಿಯೊಬ್ಬ ಕೈಯಲ್ಲಿದ್ದ ಮಂಡಕ್ಕಿಯನ್ನು ಬಾಯಿಗಿಡದೆ ಎದ್ದುಹೋದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ಮುಂದಕ್ಕೆ ಬಾಗಿ ಕೇಳಿದ: "ಆಮೇಲೆ ಮೇಸ್ತ್ರಿಯ ನಾಚಿಕೆ ಹೋಯಿತೇ, ಗುರುಗಳೇ?"

"ತಿಪ್ಪೇಶ ಏನಾದ ಎಂದು ನೀನು ಕೇಳಲಿಲ್ಲ, ಮಗೂ," ಎಂದರು ಗುರುಗಳು.