ರಟ್ಟು ಕಿತ್ತ ನೋಟ್‌ಬುಕ್

ಬಿಎಸ್ಸಿ ಓದುವ ಶಕೀಲಾಳಿಗೆ ಲ್ಯಾಬಿನಲ್ಲಿ ಪ್ರಯೋಗ ಮೂರು ಸಲ ಕೈಕೊಟ್ಟಿತು. ಮೂರನ್ನೂ ನೋಟ್‌ಬುಕ್ಕಿನಲ್ಲಿ ಬರೆದು ಕಾಟು ಹೊಡೆದಿದ್ದಳು. ಪ್ರೊಫೆಸರರು ನೋಟ್‌ಬುಕ್ ಎಸೆದು, "ಇನ್ನು ಇತ್ತ ಕಾಲಿಡಬೇಡ" ಎಂದರು.

ಮರುದಿನ ಅಟೆಂಡರನಿಗೆ ಅಪ್ಪಣೆಯಾಯಿತು. "ಬೀರುವಿನಿಂದ ಒಳ್ಳೇ ವಿದ್ಯಾರ್ಥಿಯ ಹಳೇ ನೋಟ್‌ಬುಕ್ ತಾ. ಉಳಿದವರಾದರೂ ನೋಡಿ ಕಲೀಲಿ."

ಅವನು ರಟ್ಟು ಕಿತ್ತು ಒಂದನ್ನು ತಂದ.

ಪ್ರೊಫೆಸರರು ಪುಟ ತಿರುವಿದರು. "ಬರೀ ಕಾಟು. ಯಾವ ದಡ್ಡನದಯ್ಯಾ ಇದು?"

ಅಟೆಂಡರ ರಟ್ಟನ್ನು ಮೇಜಿನ ಮೇಲಿಟ್ಟ. ಅದರಲ್ಲಿ ಅವರದೇ ಹೆಸರಿತ್ತು.

"ಒಳ್ಳೇ ವಿದ್ಯಾರ್ಥಿದು, ಎತ್ತಿಡು ಅಂತ ಆಗ ನಿಮ್ಮ ಮೇಷ್ಟ್ರೇ ಅಂದಿದ್ರು ಸಾರ್."

ಪ್ರತಿ ಕಾಟಿನ ಪಕ್ಕದಲ್ಲೂ ಮೇಷ್ಟರ ಹಸಿರು ಶಾಯಿ: "ಪರವಾಗಿಲ್ಲ, ನಾಳೆ ಮತ್ತೆ ಮಾಡು."

ಪ್ರೊಫೆಸರರು ರಟ್ಟನ್ನು ನೋಟ್‌ಬುಕ್ಕಿನ ಮೇಲಿಟ್ಟು, "ಆ ಹುಡುಗೀನ ಕರಿ" ಎಂದರು.

"ಬೆಳಿಗ್ಗೇನೇ ಟಿಸಿ ತಗೊಂಡು ಹೋದಳು ಸಾರ್. ಲ್ಯಾಬ್ ಕೋಟನ್ನ ಒಗೆದು ಇಸ್ತ್ರಿ ಮಾಡಿ ಕೊಟ್ಟಿದಾಳೆ. ನಾನು ಈ ನೋಟ್‌ಬುಕ್ಕನ್ನ ನಿನ್ನೇನೇ ತರಬೇಕಿತ್ತು."