ಅಪ್ಪನ ಪಾಲಿನ ಮುದ್ದೆ

ನಗು ಬಂದರೆ ನಕ್ಕುಬಿಡಿ, ನನ್ನದೇನೂ ಅಡ್ಡಿಯಿಲ್ಲ. ದೇವೀರಮ್ಮ ಮಾತ್ರ ನಗಲಿಲ್ಲ, ಪಾಪ. ಗಂಡ ಅವಳಿಗೆ ಬಿಟ್ಟುಹೋದದ್ದು ಒಂದು ಹಸು, ಒಬ್ಬ ಮಗ. ಮಗ ಮರಿಸ್ವಾಮಿ ಶುದ್ಧ ಪೆದ್ದ. ಹೇಳಿದ್ದನ್ನ ಹೇಳಿದಂಗೇ ಮಾಡೋನು, ಒಂದು ಕೂದಲೆಳೆ ಆಚೆಯಿಲ್ಲ, ಈಚೆಯಿಲ್ಲ.

ಬಲಪಕ್ಕೆ ನೋವು ಅಂತ ಅವನನ್ನ ಪೇಟೆಗೆ ಕರಕೊಂಡು ಹೋದಳು. ಡಾಕ್ಟರು ಸ್ಕ್ಯಾನ್ ಮಾಡಿಸಿದರು. ಹೆಂಡ ಮುಟ್ಟದವನಾದರೂ ಮೈ ಬೆಳೆದು ಲಿವರಿಗೆ ಕೊಬ್ಬು ತುಂಬಿದೆ, ಊಟ ಹಿಡಿತಕ್ಕೆ ತಂದು ಮೆಲ್ಲಗೆ ತೂಕ ಇಳಿಸಿದರೆ ಸರಿಹೋಗುತ್ತೆ, ಇಲ್ಲದಿದ್ದರೆ ಮುಂದೆ ಜೀವಕ್ಕೇ ಸಂಚಕಾರ ಅಂದರು. ಇನ್ಮೇಲೆ ಎಣ್ಣೇಲಿ ಕರಿದದ್ದನ್ನ ಕೈಯಲ್ಲೂ ಮುಟ್ಟಬೇಡ ಅಂತ ಬಸ್ಸಿನಲ್ಲೇ ಮಗನಿಗೆ ಹೇಳಿದಳು.

ಮುಟ್ಟಲಿಲ್ಲ ಕಣ್ರಪ್ಪ! ಬೋಂಡದಂಗಡಿ ಮುಂದೆ ಎರಡೂ ಕೈ ಬೆನ್ನಹಿಂದೆ ಕಟ್ಟಿಕೊಂಡು ಬಾಯಿ ತೆರೆದು ನಿಂತ. ಅಂಗಡಿಯವನು ಒಂದೊಂದಾಗಿ ಬಾಯಿಗೆ ಹಾಕಿದ. ದೇವೀರಮ್ಮ ತಲೆ ಚಚ್ಚಿಕೊಂಡಳು. ಅಯ್ಯೋ ದಡ್ಡ ಮುಂಡೇದೇ, ಅಂಥದ್ದು ಕಣ್ಣಿಗೆ ಬಿದ್ದರೆ ಎತ್ತಿ ಬೀದಿಗೆ ಎಸಿ ಅಂದಳು.

ಎಸೆದ. ಗೌರಿಹಬ್ಬಕ್ಕೆ ಬಂದಿದ್ದ ಮಗಳ ಜೊತೆ ಕಳಿಸೋಕೆ ಪಕ್ಕದ ಮನೆ ಸಾಕಮ್ಮ ಕಜ್ಜಾಯ ಮಾಡಿ ಕುಕ್ಕೆ ತುಂಬಿಟ್ಟಿದ್ದಳು. ಇವನು ಹೋಗಿ ಅಷ್ಟನ್ನೂ ಬೀದಿಗೆ ಸುರಿದ. ಊರ ನಾಯಿಗಳಿಗೆ ಹಬ್ಬ, ದೇವೀರಮ್ಮನಿಗೆ ಬೈಗುಳ. ಅವಳು ಸಾಕಮ್ಮನಿಗೆ ಕೈಮುಗಿದು ಬಂದು ಮಗನ ಕಿವಿ ಹಿಂಡಿದಳು. ಯಾರ ಮನೆಗೂ ಹೋಗಬೇಡ, ಕೆರೆ ಏರಿ ಮೇಲೆ ನಡಿ, ಹಸಿವಾದಾಗ ಮಾತ್ರ ಬಂದು ಉಣ್ಣು ಅಂದಳು.

ನಡೆದ, ಹಸಿವಾಯ್ತು, ಬಂದು ಉಂಡ. ಮತ್ತೆ ನಡೆದ, ಮತ್ತೆ ಹಸಿವಾಯ್ತು, ಮತ್ತೆ ಬಂದು ಉಂಡ. ಮತ್ತೆ ಪೇಟೆಗೆ ಹೋಗಿ ತೂಗಿಸಿದರೆ ತೂಕದ ಮುಳ್ಳು ಇನ್ನೂ ಮುಂದಕ್ಕೇ ಹೋಯಿತು. ಈ ಸಲ ಡಾಕ್ಟರು ಬೈಯಲೂ ಇಲ್ಲ, ಸುಮ್ಮನೆ ತಲೆಯಾಡಿಸಿದರು. ದೇವೀರಮ್ಮನಿಗೆ ಅದೇ ಹೆಚ್ಚು ಭಯವಾಯಿತು.

ಅವತ್ತು ಊಟಕ್ಕೆ ಕೂತು ಮಗ ಎರಡನೇ ಮುದ್ದೆಗೆ ಕೈ ಹಾಕಿದಾಗ ಅವಳ ಕಣ್ಣಲ್ಲಿ ನೀರು ಬಂತು.

"ಒಂದಕ್ಕೆ ನಿನ್ನ ಹೊಟ್ಟೆ ತುಂಬೋದೇ ಇಲ್ವೇನೋ ಮರಿ?"

"ತುಂಬುತ್ತವ್ವ. ಇದು ಅಪ್ಪಂದು. ಉಣ್ಣು ಅಂದಿದ್ದೆಯಲ್ಲ."

ಅಂದಿದ್ದಳು, ನಿಜ. ಗಂಡ ಸತ್ತ ಹೊಸದರಲ್ಲಿ ಕೈ ಅಭ್ಯಾಸಕ್ಕೆ ಅವನ ಮುದ್ದೆಯನ್ನೂ ಕಟ್ಟಿಬಿಟ್ಟಿತ್ತು. ಅನ್ನ ಚೆಲ್ಲಬಾರದು, ಅಪ್ಪನ ಪಾಲೂ ನೀನೇ ಉಣ್ಣು ಅಂತ ಅಳುತ್ತಾ ಮಗನ ತಟ್ಟೆಗಿಟ್ಟಿದ್ದಳು. ಆಮೇಲೆ ಅವಳ ಕೈ ಕಟ್ಟೋದು ಬಿಡಲಿಲ್ಲ, ಮಗ ಉಣ್ಣೋದು ಬಿಡಲಿಲ್ಲ. ಚೆನ್ನಾಗಿ ಉಣ್ಣುತ್ತಾನೆ ಅಂತ ಇವಳು ಹಿಗ್ಗಿದ್ದೇ ಹಿಗ್ಗಿದ್ದು. ಬೇಡವಾದರೂ ಅವನು ಉಂಡ, ಪಕ್ಕೆ ನೋಯುತ್ತಿದ್ದರೂ ಉಂಡ. ಪೆದ್ದ ಯಾರು ಅಂತ ಅವಳಿಗೆ ಆಗ ಗೊತ್ತಾಯಿತು. ಕೈಯಾರೆ ರೋಗ ಉಣಿಸಿದೆನಲ್ಲಪ್ಪ ಅಂತ ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಇವತ್ತಿಂದ ಅಪ್ಪನ ಪಾಲು ಮುಟ್ಟಬೇಡ ಕಣೋ, ನಿನ್ನದಷ್ಟೇ ಉಣ್ಣು ಅಂದಳು.

ಮಾರನೇ ದಿನ ಅವನಿಗೆ ಒಂದೇ ಮುದ್ದೆ ಕಟ್ಟಿದಳು. ಅವನು ಅದನ್ನ ಎರಡು ಮಾಡಿ, ಅರ್ಧ ಉಂಡು, ಅರ್ಧ ಅಪ್ಪನದು ಅಂತ ಪಕ್ಕಕ್ಕೆ ಸರಿಸಿ ಎದ್ದುಬಿಟ್ಟ. ಅಪ್ಪ ಇಲ್ಲ ಕಣೋ, ಅಪ್ಪನ ಪಾಲೂ ಇಲ್ಲ ಅಂತ ಎಷ್ಟು ತಿಳಿಹೇಳಿದರೂ ತಲೆಗೆ ಹೋಗಲಿಲ್ಲ. ಕೊನೆಗೆ ಮಗ ಹಸಿದುಕೊಂಡಿರಬಾರದು ಅಂತ ದೇವೀರಮ್ಮ ಮತ್ತೆ ಎರಡು ಮುದ್ದೆ ಕಟ್ಟಿದಳು. ಅವನು ತನ್ನದನ್ನ ಉಂಡ. ಇನ್ನೊಂದನ್ನ ಅವಳು ಹಸುವಿಗೆ ಹಾಕಿದಳು. ಗಂಡ ಸತ್ತ ಹೊಸದರಲ್ಲೇ ಹಿಂಗೆ ಮಾಡಿದ್ದರೆ ಆಗುತ್ತಿತ್ತಲ್ಲ ಅಂತ ದಿನವೂ ಕೊರಗಿದಳು. ಮಗನ ತೂಕ ಮಾತ್ರ ಮೆಲ್ಲಗೆ ಇಳಿಯತೊಡಗಿತು.

ಒಂದು ಬೆಳಿಗ್ಗೆ ನೋಡಿದರೆ ಕೊಟ್ಟಿಗೆ ಖಾಲಿ. ಗಾಬರಿಬಿದ್ದು ಓಡಿದಳು. ಮರಿಸ್ವಾಮಿ ಹಸುವಿನ ಹಗ್ಗ ಹಿಡಿದು ಕೆರೆ ಏರಿ ಮೇಲೆ ಅತ್ತಿಂದಿತ್ತ ನಡೆಸುತ್ತಿದ್ದ.

"ಇದೂ ಈಗ ಅಪ್ಪನ ಮುದ್ದೆ ಉಣ್ತಿದೆ ಕಣವ್ವ. ಪಕ್ಕೆ ತುಂಬ ನೋಯುತ್ತೆ. ನನಗೆ ಗೊತ್ತು," ಅಂದ.