ಹಗ್ಗ ಹಿಡಿದ ಇನ್ನಾಸಪ್ಪ

ಬಹಳ ಬಹಳ ಹಿಂದೆ, ನನ್ನ ಅಜ್ಜಿಯ ಅಜ್ಜಿಗೆ ಇನ್ನೂ ಹಲ್ಲು ಬಂದಿರದ ಕಾಲದಲ್ಲಿ, ಬಿಳಿಕಲ್ಲುದೊಡ್ಡಿ ಅಂತ ಒಂದು ಊರಿತ್ತು. ಊರು ಈಗಲೂ ಇದೆ, ಆದರೆ ಆಗಿನ ಊರೇ ಬೇರೆ. ಮೂವತ್ತು ಮನೆ, ಒಂದು ಕೆರೆ, ಒಂದು ಗುಡಿ. ನಾವು ಕ್ರೈಸ್ತರಾದರೂ ಚರ್ಚಿಗೆ ಗುಡಿ ಅಂತಲೇ ಅನ್ನುವುದು, ಪಾದ್ರಿಗಳಿಗೆ ಸ್ವಾಮಿಗಳು ಅನ್ನುವುದು. ಸ್ವಾಮಿಗಳು ಆಗ ವರ್ಷಕ್ಕೆ ನಾಲ್ಕು ಸಲ ಕುದುರೆ ಮೇಲೆ ಬರುತ್ತಿದ್ದರಂತೆ. ಉಳಿದ ದಿನ ಜಪ ಹೇಳಿಸುವುದಕ್ಕೂ ಸತ್ತವರನ್ನು ಮಣ್ಣು ಮಾಡುವುದಕ್ಕೂ ಒಬ್ಬ ಉಪದೇಶಿ ಇದ್ದನಂತೆ.

ಆ ಊರಿನಲ್ಲಿ ಇನ್ನಾಸಪ್ಪ ಅಂತ ಒಬ್ಬನಿದ್ದ. ಕತ್ತಾಳೆ ನಾರಿನಿಂದ ಹಗ್ಗ ಹೊಸೆಯುವವನು. ಅವನ ಅಂಗೈ ಮೊರದಷ್ಟು ಅಗಲ ಇತ್ತಂತೆ. ಬಾವಿಗೆ ಬಿದ್ದ ಎತ್ತನ್ನು ಒಬ್ಬನೇ ಎಳೆದು ದಡಕ್ಕೆ ಹಾಕಿದನಂತೆ. ಗುಡಿಯ ಗಂಟೆ ಮೇಲೇರಿಸುವಾಗ ಹನ್ನೆರಡು ಜನ ಕೈಬಿಟ್ಟರೂ ಇವನು ಬಿಡಲಿಲ್ಲವಂತೆ, ಹಗ್ಗವನ್ನು ಹಲ್ಲಲ್ಲಿ ಕಚ್ಚಿ ಹಿಡಿದು ಎರಡು ಕೈಯಲ್ಲಿ ಬೆವರು ಒರೆಸಿಕೊಂಡನಂತೆ. ಹೇಳುವವರ ಬಾಯಿಗೆ ಬೀಗ ಹಾಕಲಾಗುತ್ತದೆಯೇ? ಎತ್ತಿನ ಕಥೆ ನಾನು ಅರ್ಧ ನಂಬುತ್ತೇನೆ, ಗಂಟೆಯ ಕಥೆ ಕಾಲು ಭಾಗ ನಂಬುತ್ತೇನೆ. ಈಗ ಹೇಳುವ ಕಥೆಯನ್ನು ಮಾತ್ರ ಪೂರಾ ನಂಬುತ್ತೇನೆ, ಯಾಕೆಂದರೆ ಇದರಲ್ಲಿ ಇನ್ನಾಸಪ್ಪನಿಗೆ ಸಿಟ್ಟು ಬರುತ್ತದೆ.

ಊರಿನ ತೆಂಕಲಿಗೆ ತೊಟ್ಟಿಲುಬಂಡೆ ಅಂತ ಇದೆ. ಮೇಲೆ ಚಪ್ಪಟೆ, ಮುಂದಕ್ಕೆ ಚಾಚಿಕೊಂಡಿದೆ, ಕೆಳಗೆ ಪಾತಾಳದಲ್ಲಿ ಹೊಳೆ. ಆ ಚಾಚಿನ ಅಡಿಯಲ್ಲಿ ವರ್ಷವರ್ಷವೂ ಹೆಜ್ಜೇನು ಕಟ್ಟುತ್ತಿತ್ತು. ಜೇನು ಕೊಯ್ಯುವವನು ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿಯಬೇಕು, ಮೇಲೆ ಒಬ್ಬ ಹಿಡಿಯಬೇಕು. ಯಾರು ಬೇಕಾದರೂ ಹಿಡಿಯುವಂತಿರಲಿಲ್ಲ. ಒಡಹುಟ್ಟಿದ ಅಣ್ಣತಮ್ಮಂದಿರಂತೂ ಕೂಡದು, ಅವರಿಗೆ ಹೊಲದಲ್ಲಿ ಪಾಲಿರುತ್ತದೆ, ಮನಸ್ಸು ಯಾವಾಗ ಹೇಗೋ. ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಅವನ ಕೈಯಲ್ಲಿರುವುದು ಬರೀ ಹಗ್ಗವಲ್ಲ, ಒಡಹುಟ್ಟಿದವಳ ತಾಳಿ. ನಮ್ಮ ಹಿರಿಯರು ದಡ್ಡರಾಗಿರಲಿಲ್ಲ.

ಕೊಯ್ದ ಜೇನಿಗೂ ಒಂದು ಕಟ್ಟಳೆ ಇತ್ತು. ಒಂದು ಜೇನುತಟ್ಟನ್ನು ಮುಟ್ಟದೆ ಹುಳುವಿಗೇ ಬಿಡಬೇಕು. ಬಾಣಂತಿ ಇರುವ ಮನೆಗೆ, ಕಾಯಿಲೆಯವರ ಮನೆಗೆ ಒಂದೊಂದು ಬಟ್ಟಲು ಕೊಡಬೇಕು. ಮೇಣವೆಲ್ಲ ಗುಡಿಯ ಮೇಣಬತ್ತಿಗೆ. ಮಿಕ್ಕಿದ್ದರಲ್ಲಿ ಇಳಿದವನಿಗೆ ಅರ್ಧ, ಹಿಡಿದವನಿಗೆ ಅರ್ಧ.

ಜೇನು ಇಳಿಯುವವನು ಬೆಳವೇಂದ್ರ. ಇನ್ನಾಸಪ್ಪನ ತಂಗಿ ಆರೋಗ್ಯಮ್ಮನ ಗಂಡ. ಕೆಟ್ಟವನಲ್ಲ. ಈ ಕಥೆ ಹೇಳುವವರು ಅವನನ್ನು ಹುಟ್ಟಾ ರಾಕ್ಷಸ ಮಾಡಿಬಿಡುತ್ತಾರೆ, ನನಗದು ಸರಿ ಕಾಣುವುದಿಲ್ಲ. ಸ್ವಂತ ಎತ್ತಿಲ್ಲದ ಮನುಷ್ಯ. ಪ್ರತಿ ವರ್ಷ ಉಳುಮೆ ಹೊತ್ತಿಗೆ ಮನೆಮನೆ ಬಾಗಿಲಲ್ಲಿ ನಿಂತು ಎತ್ತು ಕೇಳಬೇಕು, ಅವರ ಉಳುಮೆಯೆಲ್ಲ ಮುಗಿದ ಮೇಲೆ ಇವನದು. ಅಂಥವನ ಹತ್ತಿರ ಪೇಟೆಯಿಂದ ಒಬ್ಬ ವ್ಯಾಪಾರಿ ಬಂದ. ಆ ಬಂಡೆಯಿಂದ ಇಂತಿಷ್ಟು ಕೊಡ ಜೇನು ನನಗೆ ತಂದುಕೊಡು, ಒಂದು ಜೊತೆ ಎತ್ತು ಕೊಡುತ್ತೇನೆ ಅಂದ. ಬೆಳವೇಂದ್ರ ಹೋಗಿ ನೋಡಿದ. ಎಲ್ಲರ ಪಾಲು ಕಳೆದರೆ ಒಂದೇ ಒಂದು ತಟ್ಟು ಕಡಿಮೆ ಬೀಳುತ್ತಿತ್ತು. ಹುಳುವಿಗೆ ಬಿಡುವ ತಟ್ಟನ್ನೂ ಕೊಯ್ದುಬಿಟ್ಟ. ಯಾಕೋ ಇದು ಅಂತ ಇನ್ನಾಸಪ್ಪ ಮೇಲಿನಿಂದ ಕೇಳಿದ್ದಕ್ಕೆ, ಇದೊಂದು ವರ್ಷ ಭಾವ ಅಂದನಂತೆ.

ಎತ್ತು ಬಂತು. ಬಂದರೆ ಸಾಕಾಗಬೇಕಲ್ಲ. ಎತ್ತಿದ್ದ ಮೇಲೆ ಗಾಡಿ ಬೇಡವೇ? ಮರುವರ್ಷ ವ್ಯಾಪಾರಿ ಗಾಡಿ ಕೊಡುತ್ತೇನೆ ಅಂದ. ಆ ವರ್ಷ ಊರಿನಲ್ಲಿ ಮೂವರು ಬಾಣಂತಿಯರಿದ್ದರು, ಒಬ್ಬರ ಮನೆಗೂ ಬಟ್ಟಲು ಹೋಗಲಿಲ್ಲ. ಮೇಣವೂ ಪೇಟೆಗೇ ಹೋಯಿತು. ಯೇಸು ಸತ್ತು ಎದ್ದ ಪಾಸ್ಕ ಹಬ್ಬಕ್ಕೆ ಬಂದ ಸ್ವಾಮಿಗಳು ಹರಳೆಣ್ಣೆ ಹಣತೆಯ ಮುಂದೆ ಪೂಜೆ ಮಾಡಿದರಂತೆ. ಉಪದೇಶಿ ಬೆಳವೇಂದ್ರನನ್ನು ಕರೆದು ಕೂರಿಸಿಕೊಂಡು, ಹೊಟ್ಟೆಗೊಂದು ತಳ ಇದೆ ಮಗಾ, ಕಣ್ಣಿಗೆ ತಳ ಇಲ್ಲ, ದೇವರು ಅದನ್ನು ಮುಚ್ಚುವುದಕ್ಕೆ ರೆಪ್ಪೆ ಕೊಟ್ಟಿದ್ದಾನೆ ಅಂದನಂತೆ. ಬೆಳವೇಂದ್ರ ತಲೆ ಅಲ್ಲಾಡಿಸಿ ಎದ್ದು ಬಂದ. ಉಪದೇಶ ಯಾರಿಗೆ ಬೇಕು, ಗಾಡಿ ಹೊಸದು.

ಮೂರನೇ ವರ್ಷ ವ್ಯಾಪಾರಿ ಹೆಂಚಿನ ಮನೆ ಕಟ್ಟಿಸಿಕೊಡುತ್ತೇನೆ ಅಂದ. ಬೆಳವೇಂದ್ರ ಬಂಡೆಗೆ ಹೋಗಿ ನೋಡಿದರೆ ಜೇನು ಮೊದಲಿನಷ್ಟಿಲ್ಲ. ಎರಡು ವರ್ಷ ಬೋಳಿಸಿದ ಬಂಡೆಗೆ ಹುಳು ಯಾಕೆ ಬಂದಾವು? ಅರ್ಧಕ್ಕರ್ಧ ಕಡಿಮೆ. ಇನ್ನು ಯಾರ ಪಾಲು ಉಳಿದಿದೆ ಅಂತ ಯೋಚಿಸಿದ. ಹುಳುವಿನ ಪಾಲು ಆಗಲೇ ತಿಂದಾಗಿತ್ತು, ಊರಿನ ಪಾಲು ಆಗಿತ್ತು, ದೇವರ ಪಾಲೂ ಆಗಿತ್ತು. ಉಳಿದದ್ದು ಹಗ್ಗ ಹಿಡಿಯುವವನ ಪಾಲು ಒಂದೇ.

ಬಂಡೆಯ ಮೇಲೆ ಒಂದು ಬಾಗೆ ಮರ ಇತ್ತು. ಹಗ್ಗವನ್ನು ಅದಕ್ಕೆ ಕಟ್ಟಿದರೆ ಆಯಿತು. ಮರಕ್ಕೆ ಪಾಲು ಕೊಡಬೇಕಾಗಿಲ್ಲ.

ನೋಡಿ, ಅವನ ಬುದ್ಧಿ ಎಂಥದು. ಮರ ಪಾಲು ಕೇಳುವುದಿಲ್ಲ ಅನ್ನುವುದು ಹೊಳೆಯಿತು, ಮರ ಮೇಲಕ್ಕೆ ಎಳೆದುಕೊಳ್ಳುವುದಿಲ್ಲ ಅನ್ನುವುದು ಹೊಳೆಯಲಿಲ್ಲ. ಅತಿ ಆಸೆ ಗತಿ ಕೇಡು ಅಂತ ಸುಮ್ಮನೆ ಅಂದಿಲ್ಲ. ಈ ವರ್ಷ ಹುಳುವೇ ಬಂದಿಲ್ಲ ಭಾವ, ಇಳಿಯುವುದಿಲ್ಲ ಅಂತ ಇನ್ನಾಸಪ್ಪನಿಗೆ ಸುಳ್ಳು ಹೇಳಿದ. ಹೆಂಡತಿಗೂ ಅದನ್ನೇ ಹೇಳಿದ. ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರಕ್ಕೆ ಎರಡು ದಿನ ಇರುವಾಗ, ಮಂಜಿಗೆ ಹುಳು ಜಡವಾಗಿರುವ ಬೆಳಗಿನ ಹೊತ್ತು ನೋಡಿಕೊಂಡು ಒಬ್ಬನೇ ಹೋದ.

ಆರೋಗ್ಯಮ್ಮ ಕೊಟ್ಟಿಗೆ ಗುಡಿಸುವುದಕ್ಕೆ ಹೋದಳು. ಗೂಟದಲ್ಲಿ ಜೇನು ಇಳಿಯುವ ಹಗ್ಗ ಇರಲಿಲ್ಲ. ಅವಳಿಗೆ ಮೊದಲು ಅನ್ನಿಸಿದ್ದು, ಅಣ್ಣನೂ ಜೊತೆಗೆ ಹೋಗಿದ್ದಾನೆ ಅಂತ. ಪೊರಕೆ ಹಿಡಿದೇ ಬೀದಿಗೆ ಬಂದಳು. ನೋಡಿದರೆ ಇನ್ನಾಸಪ್ಪ ಹಬ್ಬಕ್ಕೆಂದು ಗುಡಿಯ ಗೋಡೆಗೆ ಸುಣ್ಣ ಬಳಿಯುತ್ತಿದ್ದಾನೆ.

"ಅಣ್ಣಾ, ಹಗ್ಗ ಹೋಗೈತೆ, ನೀನು ಇಲ್ಲೇ ಇದೀಯಲ್ಲ" ಅಂದಳು.

ಅಷ್ಟೇ. ಅವಳು ಅಳಲೂ ಇಲ್ಲ, ಕೂಗಲೂ ಇಲ್ಲವಂತೆ. ಇನ್ನಾಸಪ್ಪ ಸುಣ್ಣದ ಕೈಯಲ್ಲೇ ಓಡಿದ.

ಗಾಳಿಯಂತೆ ಹಾರಿದ ಅನ್ನುತ್ತಾರೆ, ಸನ್ಮನಸ್ಕರು, ಅಂದರೆ ದೇವದೂತರು, ಹೆಗಲ ಮೇಲೆ ಹೊತ್ತೊಯ್ದರು ಅನ್ನುತ್ತಾರೆ. ನನ್ನ ಅಜ್ಜಿ ಹೇಳುತ್ತಿದ್ದದ್ದು ಬೇರೆ. ದಾರಿಯುದ್ದಕ್ಕೂ ಬೈದುಕೊಂಡೇ ಓಡಿದನಂತೆ. ಬೆಳವೇಂದ್ರನನ್ನು ಬೈದ, ಅವನಪ್ಪನನ್ನು ಬೈದ, ತಂಗಿಯನ್ನು ಅವನಿಗೆ ಕೊಟ್ಟ ತನ್ನ ಅಪ್ಪನನ್ನೂ ಬೈದ. ಬಂಡೆಯ ಮೇಲೆ ಬಂದು ನೋಡಿದರೆ ಹಗ್ಗ ಬಾಗೆ ಮರದ ಸೊಂಟದಲ್ಲಿತ್ತು.

ಆಗ ಅವನಿಗೆ ಪೂರ್ತಿ ಅರ್ಥವಾಯಿತು. ಇಷ್ಟು ವರ್ಷ ಹಿಡಿದ ಕೈಗೆ ಬದಲು ಒಂದು ಮರ. ಅವನು ಒಂದು ಗಳಿಗೆ ಸುಮ್ಮನೆ ನಿಂತನಂತೆ. ಆ ಗಳಿಗೆಯಲ್ಲಿ ಅವನ ಮನಸ್ಸಿನಲ್ಲಿ ಏನು ಬಂತೋ ಯಾರಿಗೂ ಗೊತ್ತಿಲ್ಲ, ಅವನೂ ಯಾರಿಗೂ ಹೇಳಲಿಲ್ಲ. ತಿರುಗಿ ಬಂದಿದ್ದರೆ ಊರಿನಲ್ಲಿ ಯಾರೂ ಅವನನ್ನು ಕೇಳುತ್ತಿರಲಿಲ್ಲ. ನಾನಾಗಿದ್ದರೆ ಏನು ಮಾಡುತ್ತಿದ್ದೆನೋ ಅಂತ ಎಷ್ಟೋ ಸಲ ಯೋಚಿಸಿದ್ದೇನೆ, ಉತ್ತರ ಹೇಳುವುದಕ್ಕೆ ನಾಚಿಕೆಯಾಗುತ್ತದೆ.

ಆಮೇಲೆ ಅವನು ಅಂಚಿಗೆ ಹೋಗಿ ಬಗ್ಗಿ ನೋಡಿದ. ಬೆಳವೇಂದ್ರ ಕೆಳಗೆ ತೂಗಾಡುತ್ತಿದ್ದ. ಬೆನ್ನಿನ ಮೇಲೆ ಬುಟ್ಟಿ, ಬುಟ್ಟಿಯ ತುಂಬ ತಟ್ಟು. ಮೇಲೆ ಹಿಡಿಯುವವನಿದ್ದರೆ ಮೊದಲು ಬುಟ್ಟಿ ಏರುತ್ತಿತ್ತು, ಆಮೇಲೆ ಮನುಷ್ಯ. ಯಾರೂ ಇಲ್ಲದ್ದಕ್ಕೆ ಇವನೇ ಹೊತ್ತು ಹತ್ತಲು ನೋಡಿದ್ದಾನೆ. ಅರ್ಧಕ್ಕೆ ಬಂದು ತೋಳು ಸೋತಿದೆ. ಅಷ್ಟರಲ್ಲಿ ಮಂಜು ಕರಗಿ ಹುಳು ಎದ್ದಿದೆ. ಮುಖ ಹಲಸಿನ ಹಣ್ಣಿನಂತೆ ಊದಿ ಕಣ್ಣೇ ಕಾಣುತ್ತಿಲ್ಲ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಬಂಡೆಯ ಅಂಚಿಗೆ ಉಜ್ಜಿ ಉಜ್ಜಿ ಹಗ್ಗದ ಮೂರು ಎಳೆಯಲ್ಲಿ ಒಂದು ಆಗಲೇ ಕಿತ್ತಿತ್ತು. ಇನ್ನಾಸಪ್ಪನೇ ಹೊಸೆದ ಹಗ್ಗ. ಎರಡು ಎಳೆ ಎಷ್ಟು ತಡೆಯುತ್ತದೆ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ತಲೆಯ ವಸ್ತ್ರ ಬಿಚ್ಚಿ ಹಗ್ಗದ ಅಡಿಗೆ ತುರುಕಿದ. ಬಂಡೆಯ ಒಂದು ಕೊರಕಲಿಗೆ ಹಿಮ್ಮಡಿ ಕೊಟ್ಟು ಕುಳಿತು, ಹಗ್ಗವನ್ನು ಬೆನ್ನಿಗೆ ಸುತ್ತಿ ಎಳೆದ. ಒಂದು ಮೊಳವೂ ಮೇಲೆ ಬರಲಿಲ್ಲ. ಬುಟ್ಟಿ ಬಿಡು ಅಂತ ಕೂಗಿದ. ಕೆಳಗಿನಿಂದ, ಬಿಟ್ಟಾಯಿತು ಭಾವ, ಆಗಲೇ ಬಿಟ್ಟೆ ಅಂತ ಉತ್ತರ ಬಂತು. ಸಾಯುವ ಹೊತ್ತಿನಲ್ಲೂ ಸುಳ್ಳು.

"ನಿನ್ನ ತೂಕ ನನ್ನ ಕೈಗೆ ಗೊತ್ತು ಕಣೋ" ಅಂದ ಇನ್ನಾಸಪ್ಪ. "ಹತ್ತು ವರ್ಷದಿಂದ ಎಳೀತಾ ಇವ್ನಿ. ನಿನ್ನ ಜೊತೆ ಇನ್ಯಾವನೋ ತೂಗಾಡ್ತಾ ಅವ್ನೆ. ಮೊದ್ಲು ಅವನನ್ನ ಬುಟ್ಬುಡು."

ಪಿಶಾಚಿಯನ್ನೇ ಅಂದದ್ದು ಅಂತ ಊರಿನವರು ಹೇಳುತ್ತಾರೆ. ಇರಬಹುದು. ಬೆಳವೇಂದ್ರ ಆಗ ಅಳುತ್ತಾ ಪಾಲು ಹೇಳತೊಡಗಿದನಂತೆ. ಅರ್ಧ ನಿನಗೇ ಭಾವ, ಮುಕ್ಕಾಲು ನಿನಗೇ, ಬುಟ್ಟಿ ಸಮೇತ ಎಳೆದುಕೋ. ಇನ್ನಾಸಪ್ಪನ ಅಂಗೈ ಸುಲಿದು ಹಗ್ಗ ಕೆಂಪಾಗಿತ್ತು. ಎರಡನೇ ಎಳೆ ಬಿರಿಯುವ ಸದ್ದು ಅವನಿಗೆ ಕೇಳಿಸಿತು.

"ಪಾಲು ಕೇಳಾಕೆ ಬಂದಿಲ್ಲ ಕಣಪ್ಪ. ನಿನ್ನ ಕರ್ಕೊಂಡು ಹೋಗಾಕೆ ಬಂದಿವ್ನಿ. ಬರೀ ನೀನು ಸಾಕು."

ಹೆದರಿಕೆಯಲ್ಲಿ ಬೆಳವೇಂದ್ರ ಪರಲೋಕ ಮಂತ್ರ ಶುರು ಮಾಡಿದ. ತೊಟ್ಟಿಲಲ್ಲೇ ಕಲಿಯುವ ಮಂತ್ರ, ನಿದ್ದೆಯಲ್ಲೂ ಬರುತ್ತದೆ. ಇವತ್ತಿನ ಊಟ ಇವತ್ತು ಕೊಡು ಅಂತ ಕೇಳುವ ಜಾಗಕ್ಕೆ ಬಂದು ಅವನ ನಾಲಿಗೆ ನಿಂತುಬಿಟ್ಟಿತಂತೆ. ಬೆನ್ನಿನ ಮೇಲೆ ಎತ್ತು, ಗಾಡಿ, ಹೆಂಚಿನ ಮನೆ ಹೊತ್ತುಕೊಂಡು ಇವತ್ತಿನ ಊಟ ಕೇಳುವುದು ಹೇಗೆ? ಮತ್ತೆ ಮೊದಲಿನಿಂದ ಹೇಳಿದ, ಮತ್ತೆ ಅಲ್ಲಿಗೇ ಬಂದು ನಿಂತ. ಮೂರನೇ ಸಲ ಕುಡುಗೋಲು ತೆಗೆದು ಬುಟ್ಟಿಯ ಕಣ್ಣಿ ಕೊಯ್ದ.

ಬುಟ್ಟಿ ಹೋಯಿತು. ಭಾರ ಒಮ್ಮೆಲೇ ಇಳಿದದ್ದಕ್ಕೆ ಇನ್ನಾಸಪ್ಪ ಹಿಂದಕ್ಕೆ ಮಗುಚಿ ಬಿದ್ದನಂತೆ, ಆದರೂ ಹಗ್ಗ ಬಿಡಲಿಲ್ಲ. ಬಿದ್ದಲ್ಲಿಂದಲೇ ಎಳೆದ, ಮೊಳ ಮೊಳವಾಗಿ ಎಳೆದ. ಕೊನೆಗೆ ಅಂಚಿನ ಮೇಲೆ ಒಂದು ಊದಿದ ಮುಖ ಬಂತು. ಅಬ್ಬಾ, ಈ ಜಾಗಕ್ಕೆ ಬಂದಾಗಲೆಲ್ಲ ನನಗೆ ಈಗಲೂ ಎದೆ ಹಗುರಾಗುತ್ತದೆ. ಹೊಳೆಯ ನೀರು ಮೂರು ದಿನ ಸಿಹಿಯಾಗಿ ಹರಿಯಿತಂತೆ, ಕೆಳಗಿನ ಊರಿನವರು ಬಿಂದಿಗೆ ಬಿಂದಿಗೆ ಹೊತ್ತರಂತೆ. ಅದನ್ನು ನಂಬಬೇಡಿ. ಇಬ್ಬರೂ ಬಂಡೆಯ ಮೇಲೆ ಅಂಗಾತ ಬಿದ್ದುಕೊಂಡು, ಯಾಕೆ ಅಂತ ಗೊತ್ತಿಲ್ಲದೆ ನಕ್ಕರಂತೆ. ಅದನ್ನು ನಂಬಿ.

ಆರೋಗ್ಯಮ್ಮ ಅರ್ಧ ದಾರಿಯಲ್ಲಿ ಎದುರಾದಳು. ಗಂಡನ ಮುಖ ನೋಡಿ ಇವನ್ಯಾರು ಅಂತ ಅಣ್ಣನನ್ನು ಕೇಳಿದಳಂತೆ. ಆಮೇಲೆ ಪೊರಕೆ ಬಿಸಾಕಿ ಅತ್ತಳು. ಆವತ್ತು ಮೂವರೂ ಒಂದೇ ಮಡಕೆಯ ಅಂಬಲಿ ಕುಡಿದರು. ಇನ್ನಾಸಪ್ಪನ ಕೈಯಲ್ಲಿ ಬಟ್ಟಲು ನಿಲ್ಲದ್ದಕ್ಕೆ ಬೆಳವೇಂದ್ರನೇ ಕುಡಿಸಿದ.

ಪಾಸ್ಕಕ್ಕೆ ಸ್ವಾಮಿಗಳು ಬಂದರು, ಬೆಳವೇಂದ್ರ ಪಾಪನಿವೇದನೆ ಮಾಡಿಕೊಂಡ. ಅವರು ಅವನಿಗೆ ಉಪವಾಸ ಹೇಳಲಿಲ್ಲ, ಮೊಣಕಾಲಲ್ಲಿ ನಡೆ ಅನ್ನಲಿಲ್ಲ. ಮೂರು ವರ್ಷ ನೀನು ಬಂಡೆ ಇಳಿಯಬೇಡ, ಇಳಿಯುವವರ ಹಗ್ಗ ಹಿಡಿ ಅಂದರು. ಮರುವರ್ಷ ಜೇನು ಬರಲೇ ಇಲ್ಲ. ಅದರ ಮರುವರ್ಷ ಒಂದೇ ಒಂದು ತಟ್ಟು ಕಟ್ಟಿತು, ಯಾರೂ ಮುಟ್ಟಲಿಲ್ಲ. ಮೂರನೇ ವರ್ಷ ಬಂಡೆಯ ಅಡಿ ಕಪ್ಪಾಗಿ ಗುಂಯ್ ಅನ್ನುತ್ತಿತ್ತು, ಊರಿಗೆ ಊರೇ ಹೋಗಿ ನೋಡಿ ಬಂತು. ಇನ್ನಾಸಪ್ಪನ ಬೆರಳು ಮಾತ್ರ ಮತ್ತೆ ಪೂರ್ತಿ ಮಡಚಿಕೊಳ್ಳಲಿಲ್ಲ. ಆ ಕೈಯಲ್ಲಿ ಏನು ಕೊಟ್ಟರೂ ನಿಲ್ಲುತ್ತಿರಲಿಲ್ಲವಂತೆ, ಎದುರಿಗೆ ಸಿಕ್ಕ ಮಕ್ಕಳ ಪಾಲಾಗುತ್ತಿತ್ತಂತೆ.

ಅವನ ಸಮಾಧಿ ಗುಡಿಯ ಹಿಂದೆ ಇದೆ. ಅದರ ಪಕ್ಕದಲ್ಲಿ ಎರಡಾಳು ಎತ್ತರದ ಒಂದು ಬಂಡೆ. ಈಗಲೂ ನಮ್ಮಲ್ಲಿ ಅಣ್ಣತಮ್ಮಂದಿರು ಆಸ್ತಿ ಪಾಲು ಮಾಡಿಕೊಳ್ಳುವ ಮುಂಚೆ ಒಂದು ಹಗ್ಗ ತೆಗೆದುಕೊಂಡು ಅಲ್ಲಿಗೆ ಹೋಗುತ್ತಾರೆ. ಒಬ್ಬ ಸೊಂಟಕ್ಕೆ ಕಟ್ಟಿಕೊಂಡು ಅಂಚಿನಿಂದ ಹಿಂದಕ್ಕೆ ವಾಲಬೇಕು, ಇನ್ನೊಬ್ಬ ಹಿಡಿಯಬೇಕು. ಆಮೇಲೆ ಅದಲು ಬದಲು. ಅದಾದ ಮೇಲೆಯೇ ಪಾಲಿನ ಮಾತು.

ನಾನೂ ನನ್ನ ತಮ್ಮ ಸಂತಿಯಾಗುವೂ ಹೋಗಿದ್ದೆವು. ಒಂದು ಹುಣಸೆಮರಕ್ಕಾಗಿ ಎರಡು ವರ್ಷ ಮಾತು ಬಿಟ್ಟವರು. ಮೊದಲು ನಾನು ಹಿಡಿದೆ. ಸತ್ಯ ಹೇಳಬೇಕೆಂದರೆ, ಹಿಡಿದಾಗ ನನಗೆ ಏನೂ ಅನ್ನಿಸಲಿಲ್ಲ. ಆಮೇಲೆ ಅವನು ಹಿಡಿದ, ನಾನು ಹಿಂದಕ್ಕೆ ವಾಲಿದೆ. ಕಾಲಡಿ ಬಂಡೆ ಜಾರಿತು. ಅವನ ಕಣ್ಣು ನನ್ನ ಮೇಲೇ ಇತ್ತು, ಅಣ್ಣಾ ಬಿಗಿಯಾಗಿ ಹಿಡ್ಕೊ ಅಂತ ಬಾಯಿಬಿಟ್ಟ. ಎರಡು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು ಅದು. ಹಿಂದಿರುಗುವಾಗ ದಾರಿಯಲ್ಲಿ, ಹುಣಸೆಮರ ನಿನಗಿರಲೋ ನನಗಿರಲೋ ಅಂತ ಅವನು ಕೇಳಿದ. ಮೊದಲು ಮನೆಗೆ ಬಾ, ಊಟ ಮಾಡುವ ಅಂದೆ.